ಸರ್ವೋ ಈಗ ಯಾರ ಕೈಯಲ್ಲಿದೆ?

ಪ್ರಶ್ನೆ: ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದಲ್ಲಿ 2012ರಲ್ಲಿ ಆರಂಭವಾದ, ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ, ವೆಬ್ ಪುಟಗಳನ್ನು ಪರದೆಯ ಮೇಲೆ ಮೂಡಿಸುವ ಸರ್ವೋ ಬ್ರೌಸರ್ ಎಂಜಿನ್‌ನ ಹೊಣೆಯನ್ನು ಈಗ ಯಾರು ಹೊತ್ತಿದ್ದಾರೆ? ಕೋಡ್ ಕಳುಹಿಸುವ ಮುನ್ನ ತಿಳಿದುಕೊಳ್ಳಬೇಕೆನಿಸಿತು.

ಉತ್ತರ 1: 2020ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಸುಮಾರು 250 ಮಂದಿಯನ್ನು ಕೆಲಸದಿಂದ ತೆಗೆದಾಗ ಸರ್ವೋ ತಂಡವೂ ಚದುರಿತು; ನವೆಂಬರ್‌ನಲ್ಲಿ ಯೋಜನೆ, ಮುಕ್ತ ತಂತ್ರಾಂಶಗಳಿಗೆ ಆಶ್ರಯ ಕೊಡುವ ಲಿನಕ್ಸ್ ಫೌಂಡೇಶನ್‌ಗೆ ಸೇರಿದರೂ, ಸಂಬಳ ಪಡೆದು ದುಡಿಯುವವರಿಲ್ಲದೆ ಎರಡು ವರ್ಷ ಬಹುಮಟ್ಟಿಗೆ ಮಂಕಾಗಿಯೇ ಇತ್ತು. 2023ರಲ್ಲಿ ಸ್ಪೇನಿನ ಇಗಾಲಿಯಾ ಸಂಸ್ಥೆಯ ಎಂಜಿನಿಯರುಗಳು ಕೈಹಚ್ಚಿದ ಮೇಲೆ ಕೆಲಸ ಕುದುರಿತು. ಅದೇ ವರ್ಷ ಯೋಜನೆ ಲಿನಕ್ಸ್ ಫೌಂಡೇಶನ್ ಯುರೋಪ್‌ನ ಆಶ್ರಯಕ್ಕೆ ಹೋಯಿತು.

ಉತ್ತರ 2: ಒಂದು ಮಾತು ಸೇರಿಸುತ್ತೇನೆ. ಮೊಜಿಲ್ಲಾಗೂ ನಷ್ಟವೇನಾಗಲಿಲ್ಲ; ಸರ್ವೋದಲ್ಲಿ ಬೆಳೆದ ಸ್ಟೈಲೋ ಎಂಬ ಸಿಎಸ್ಎಸ್ (ಪುಟದ ಬಣ್ಣ, ವಿನ್ಯಾಸಗಳನ್ನು ಹೇಳುವ ಭಾಷೆ) ಭಾಗ 2017ರ ಫೈರ್‌ಫಾಕ್ಸ್ 57ರಲ್ಲೇ ಸೇರಿತ್ತು. ಈಗ ಅದರ ಹೊಸ ಬದಲಾವಣೆಗಳನ್ನು ಸರ್ವೋ ಫೈರ್‌ಫಾಕ್ಸ್‌ನಿಂದಲೇ ತರಿಸಿಕೊಳ್ಳುತ್ತದೆ, ಮಗಳ ಮನೆಯಿಂದ ತಾಯಿ ಕಡ ತಂದಂತೆ.

ಪ್ರಶ್ನಿಸಿದವರು: ಹಾಗಾದರೆ ದಿಕ್ಕು ನಿರ್ಧರಿಸುವವರು ಇಗಾಲಿಯಾದವರೇ?

ಉತ್ತರ 1: ಅಲ್ಲ, ಅದಕ್ಕೆಂದೇ ತಾಂತ್ರಿಕ ಸಮಿತಿಯೊಂದಿದೆ, ದಿನನಿತ್ಯದ ದುಡಿಮೆಯ ದೊಡ್ಡ ಪಾಲು ಮಾತ್ರ ಅವರದು.