ಹಿಟ್ಟು ಕಲಸುವ ಮೆಷಿನ್: ಹೊಸ ಸ್ಟೀಲ್ ಪಿನಿಯನ್ ಹಾಕಿ ಮೂರೇ ವಾರಕ್ಕೆ ಹಲ್ಲಿನ ಬುಡ ಕೊರೆದುಹೋಗಿದೆ

ಉದ್ದಿನಹಿಟ್ಟು:
ನಮಸ್ಕಾರ. ಹಪ್ಪಳದ ಹಿಟ್ಟು ಕಲಸುವ 5 ಕೆ.ಜಿ. ಮೆಷಿನ್. ಮೋಟಾರ್ ಅರ್ಧ ಎಚ್‌ಪಿ, ಸಿಂಗಲ್ ಫೇಸ್, 1440 ಆರ್‌ಪಿಎಂ. ಮೋಟಾರಿಗೆ 3 ಇಂಚಿನ ಪುಲಿ, ಮೇಲಿನ ಶಾಫ್ಟಿಗೆ 12 ಇಂಚಿನದು. ಆ ಶಾಫ್ಟಿನಲ್ಲಿ 18 ಹಲ್ಲಿನ ಪಿನಿಯನ್ (ಚಿಕ್ಕ ಗೇರ್), ಬೋರ್ (ನಡುವಿನ ತೂತು) 20 ಮಿ.ಮೀ., ಹಲ್ಲಿನ ಅಗಲ 20 ಮಿ.ಮೀ. ಅದು 90 ಹಲ್ಲಿನ ಬೀಡಿನ (ಎರಕದ ಕಬ್ಬಿಣದ) ದೊಡ್ಡ ಗೇರನ್ನು ತಿರುಗಿಸುತ್ತದೆ.

ಹಳೇ ಪಿನಿಯನ್ ಹಲ್ಲು ಸವೆದು ಚಾಕುವಿನಂತಾಗಿತ್ತು. ಅಂಗಡಿಯಿಂದ ರೆಡಿಮೇಡ್ ಇಎನ್ 8 ಸ್ಟೀಲಿನ ಪಿನಿಯನ್ ತಂದೆ, ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ, ಮಿ.ಮೀ. ಲೆಕ್ಕದಲ್ಲಿ) 2.5. ಹೊರ ವ್ಯಾಸ ಹಳೆಯದು 50.7, ಹೊಸದು 50.0 ಇತ್ತು. ‘ಅರ್ಧ ಮುಕ್ಕಾಲು ಮಿ.ಮೀ. ಹೆಚ್ಚುಕಮ್ಮಿ ಇದ್ದೇ ಇರುತ್ತೆ’ ಅಂದರು. ಹಾಕಿದ ದಿನದಿಂದಲೂ ಕರಕರ ಸದ್ದು. ಈಗ ಬಿಚ್ಚಿ ನೋಡಿದರೆ ಪಿನಿಯನ್ ಹಲ್ಲಿನ ಒಂದು ಮೈಯಲ್ಲಿ, ಬುಡಕ್ಕೆ ಹತ್ತಿರ, ಅಡ್ಡಕ್ಕೆ ಗೀರು ಬಿದ್ದು ಕೊರೆದಿದೆ. ದೊಡ್ಡ ಗೇರಿನ ಹಲ್ಲಿನ ತುದಿ ಅಂಚು ಫಳಫಳ ಹೊಳೆಯುತ್ತಿದೆ, ನಾಲ್ಕೈದು ಕಡೆ ಚೂರು ಹಾರಿದೆ. ಇನ್ನೂ ಗಟ್ಟಿಯಾದ ಇಎನ್ 24 ಸ್ಟೀಲಿಗೆ ಹೋಗಲಾ, ಇಲ್ಲ ಹಾರ್ಡನಿಂಗ್ (ಕಾಯಿಸಿ ಗಡಸು ಮಾಡುವುದು) ಮಾಡಿಸಲಾ?

ಟೆಂಪರ್ ತಾತ:
ಉದ್ದಿನ ಹಿಟ್ಟು ಕಲ್ಲಿನ ಹಾಗೆ ಬಿಗಿ ಸ್ವಾಮಿ, ಇಎನ್ 8 ಸಾಲದು. ಇಎನ್ 353 ಸ್ಟೀಲ್ ತಗೊಂಡು ಕೇಸ್ ಹಾರ್ಡನಿಂಗ್ (ಮೇಲ್ಮೈ ಮಾತ್ರ ಗಡಸು ಮಾಡುವುದು) ಮಾಡಿಸಿ. ಗಡಸುತನ 58ರಿಂದ 62 ಎಚ್‌ಆರ್‌ಸಿ ಬರುತ್ತೆ, ಜನ್ಮದಲ್ಲಿ ಸವೆಯಲ್ಲ.

ಪಿಚ್ ಸರ್ಕಲ್:
ತಾತಾ, ಪಿನಿಯನ್ ಸವೆಯಲ್ಲ ನಿಜ, ಬೀಡಿನ ಗೇರನ್ನು ಅರೆದು ಹಾಕುತ್ತೆ. ದುಬಾರಿಯದು ದೊಡ್ಡ ಗೇರೇ. ಹಾರ್ಡನಿಂಗ್‌ನಲ್ಲಿ ಬೋರ್ ಸೊಟ್ಟಗಾಗುವುದು ಬೇರೆ, ಮತ್ತೆ ಗ್ರೈಂಡಿಂಗ್ ಮಾಡಿಸಬೇಕು.

ಮೊದಲು ಲೋಡ್ ಲೆಕ್ಕ ನೋಡೋಣ. ಅರ್ಧ ಎಚ್‌ಪಿ ಅಂದರೆ 0.37 ಕಿಲೋವ್ಯಾಟ್, ಪಿನಿಯನ್ ಶಾಫ್ಟ್ 360 ಆರ್‌ಪಿಎಂ. 9550 × 0.37 ÷ 360 = ಸುಮಾರು 9.8 ನ್ಯೂಟನ್ ಮೀಟರ್. ಪಿಚ್ ತ್ರಿಜ್ಯ (ಹಲ್ಲುಗಳು ಕೂಡುವ ವೃತ್ತದ ತ್ರಿಜ್ಯ) 22.5 ಮಿ.ಮೀ., ಹಾಗಾಗಿ ಹಲ್ಲಿನ ಮೇಲೆ ಬೀಳುವ ಬಲ 436 ನ್ಯೂಟನ್, ಅಂದರೆ 44 ಕೆ.ಜಿ. ಭಾರದಷ್ಟು. 18 ಹಲ್ಲಿಗೆ ಲೂಯಿಸ್ ಅಂಶ (ಹಲ್ಲಿನ ಆಕಾರದ ಬಲ ಹೇಳುವ ಸಂಖ್ಯೆ) 0.309. ಹಲ್ಲಿನ ಬುಡದ ಒತ್ತಡ: 436 ÷ (20 × 2.5 × 0.309) = 28 ಮೆಗಾಪ್ಯಾಸ್ಕಲ್. ಕೆಪಾಸಿಟರ್ ಸ್ಟಾರ್ಟ್ ಮೋಟಾರ್ ಏಳುವಾಗ ಮೂರು ಪಟ್ಟು ಎಳೆದರೂ 85 ದಾಟಲ್ಲ. ಇದು ಇಎನ್ 8ಕ್ಕೆ ಲೆಕ್ಕವೇ ಅಲ್ಲ. ಹಲ್ಲು ಬುಡಸಮೇತ ಮುರಿದಿದ್ದರೆ ಉಕ್ಕನ್ನು ಅನುಮಾನಿಸಬಹುದಿತ್ತು. ಇಲ್ಲಿ ಒಂದರ ತುದಿ ಇನ್ನೊಂದರ ಬುಡವನ್ನು ಕೆರೆಯುತ್ತಿದೆ, ಅಂದರೆ ಎರಡರ ಪಿಚ್ (ಹಲ್ಲಿಂದ ಹಲ್ಲಿಗಿರುವ ದೂರ) ಹೊಂದುತ್ತಿಲ್ಲ.

ನನ್ನ ಅನುಮಾನ ನಿಮ್ಮ ದೊಡ್ಡ ಗೇರ್ 10 ಡಿ.ಪಿ. ಅಂತ. ಇಂಚಿನ ಲೆಕ್ಕದ್ದು, ಪಿಚ್ ವ್ಯಾಸದ ಪ್ರತಿ ಇಂಚಿಗೆ ಇಷ್ಟು ಹಲ್ಲು ಅಂತ. 10 ಡಿ.ಪಿ. ಅಂದರೆ 25.4 ÷ 10, ಮಾಡ್ಯೂಲ್ 2.54. 2.5ಕ್ಕೆ ಎಷ್ಟು ಹತ್ತಿರ ನೋಡಿ! 18 ಹಲ್ಲಿಗೆ ಹೊರ ವ್ಯಾಸ 50.8 ಬರುತ್ತೆ, ನಿಮ್ಮ ಹಳೆಯದು ಸವೆದೂ 50.7 ಇದೆ. ಹಳೆಯದು ಹೊಸದಕ್ಕಿಂತ ದೊಡ್ಡದಿತ್ತು, ಅಲ್ಲೇ ಅನುಮಾನ ಬರಬೇಕಿತ್ತು. ಗೇರ್ ಸವೆದು ದಪ್ಪ ಆಗಲ್ಲವಲ್ಲ!

ಖಾತ್ರಿಗೆ ಹೀಗೆ ಮಾಡಿ. 150 ಮಿ.ಮೀ. ವರ್ನಿಯರ್ ಸಾಕು. ದೊಡ್ಡ ಗೇರಿನಲ್ಲಿ 9 ಹಲ್ಲನ್ನು ದವಡೆಗಳ ನಡುವೆ ಹಿಡಿದು ಅಳೆಯಿರಿ. ವರ್ನಿಯರನ್ನು ಸ್ವಲ್ಪ ಅತ್ತಿತ್ತ ಹೊರಳಿಸಿ, ಅತಿ ಕಡಿಮೆ ಬಂದ ಅಳತೆ ಬರೆದುಕೊಳ್ಳಿ. ಅದೇ ಜಾಗದಲ್ಲಿ 11 ಹಲ್ಲು ಹಿಡಿದು ಇನ್ನೊಮ್ಮೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ಎರಡರಿಂದ ಭಾಗಿಸಿ. 7.38 ಬಂದರೆ ಮಾಡ್ಯೂಲ್ 2.5, ಪ್ರೆಷರ್ ಆಂಗಲ್ (ಹಲ್ಲು ಹಲ್ಲನ್ನು ತಳ್ಳುವ ಕೋನ) 20 ಡಿಗ್ರಿ. 7.50 ಬಂದರೆ 10 ಡಿ.ಪಿ., 20 ಡಿಗ್ರಿ. 7.73 ಬಂದರೆ 10 ಡಿ.ಪಿ.ಯೇ, ಆದರೆ ಹಳೇ ಕಾಲದ ಹದಿನಾಲ್ಕೂವರೆ ಡಿಗ್ರಿ. ಸವೆತ ಎರಡು ಅಳತೆಯಲ್ಲೂ ಸರಿಸುಮಾರು ಒಂದೇ ಇರುವುದರಿಂದ ಕಳೆದಾಗ ಅದು ಹೊರಟುಹೋಗುತ್ತೆ. ಶಾಫ್ಟ್‌ಗಳ ನಡುವಿನ ದೂರವನ್ನೂ ಹೇಳಿ.

ಉದ್ದಿನಹಿಟ್ಟು:
9 ಹಲ್ಲಿಗೆ 66.58, 11 ಹಲ್ಲಿಗೆ 81.58. ಶಾಫ್ಟ್ ಸೆಂಟರ್‌ಗಳ ದೂರ 137ಕ್ಕೆ ಚೂರು ಜಾಸ್ತಿ. ದೊಡ್ಡ ಗೇರಿನ ಹೊರ ವ್ಯಾಸವನ್ನು ದೊಡ್ಡ ವರ್ನಿಯರ್ ತರಿಸಿ ನೋಡಿದೆ, 233.6.

ಪಿಚ್ ಸರ್ಕಲ್:
15.00ರಲ್ಲಿ ಅರ್ಧ 7.50. ಹೊರ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿದರೆ ಮಾಡ್ಯೂಲ್: 233.6 ÷ 92 = 2.539. 10 ಡಿ.ಪಿ.ಯೇ. ಮಾಡ್ಯೂಲ್ 2.5ರ ಜೋಡಿಯಾಗಿದ್ದರೆ ದೂರ 135 ಇರಬೇಕಿತ್ತು, 10 ಡಿ.ಪಿ.ಗೆ 137.16. ಹಲ್ಲಿಂದ ಹಲ್ಲಿಗೆ ಒಂದರದು 7.85, ಇನ್ನೊಂದರದು 7.98. ಒಂದು ಹಲ್ಲು ಭಾರ ಹೊತ್ತು ಮುಂದೆ ಹೋಗುವ ಹೊತ್ತಿಗೆ ಹಿಂದಿನದು ಹದಕ್ಕೆ ಸರಿಯಾಗಿ ಬಂದು ಕೂರಬೇಕು. ನಿಮ್ಮಲ್ಲಿ ಅದು ಬೇಗ ಬಂದು, ದೊಡ್ಡ ಗೇರಿನ ತುದಿ ಪಿನಿಯನ್ ಬುಡಕ್ಕೆ ಬಡಿಯುತ್ತಿದೆ. ಇಂಥ ಜಾಗಕ್ಕೆ ಇಎನ್ 24 ಹಾಕಿದರೂ ಅದೇ ಕಥೆ.

ಇನ್ನೊಂದು ವಿಷಯ. ಹೊಸದಾಗಿದ್ದಾಗ 9 ಹಲ್ಲಿಗೆ 66.94 ಇರಬೇಕಿತ್ತು, ನಿಮ್ಮದು 0.36 ಕಮ್ಮಿ. ಅದರಲ್ಲಿ 0.1ರಷ್ಟು ಬ್ಯಾಕ್‌ಲ್ಯಾಶ್‌ಗೆ (ಹಲ್ಲುಗಳ ನಡುವಿನ ಸಡಿಲಕ್ಕೆ) ಅಂತ ಮೊದಲೇ ಬಿಟ್ಟಿರುತ್ತಾರೆ, ಉಳಿದದ್ದು ಸವೆತ, ಅದೂ ಒಂದೇ ಮೈಯಲ್ಲಿ. ಮೆಷಿನ್ ಒಂದೇ ದಿಕ್ಕಿಗೆ ತಿರುಗುತ್ತೆ ತಾನೆ? ದೊಡ್ಡ ಗೇರಿನ ಹಬ್ (ನಡುವಿನ ದಪ್ಪ ಭಾಗ) ಎರಡೂ ಬದಿಗೆ ಸಮ ಇದೆಯಾ?

ಉದ್ದಿನಹಿಟ್ಟು:
ಒಂದೇ ದಿಕ್ಕು. ಹಬ್ ಎರಡೂ ಕಡೆ ಸಮ ಇದೆ.

ಪಿಚ್ ಸರ್ಕಲ್:
ಹಾಗಾದರೆ ಗೇರನ್ನು ಬಿಚ್ಚಿ ಮಗುಚಿ ಹಾಕಿ. ಇಲ್ಲಿಯವರೆಗೆ ಕೆಲಸವೇ ಮಾಡದ ಮೈ ಇನ್ನು ಭಾರ ಹೊರುತ್ತೆ. ಚೂರು ಹಾರಿದ ಅಂಚುಗಳನ್ನು ಸಣ್ಣ ಅರದಿಂದ ಸವರಿ. ಜೊತೆಗೆ 18 ಹಲ್ಲಿನ 10 ಡಿ.ಪಿ. 20 ಡಿಗ್ರಿ ಪಿನಿಯನ್ ಮಾಡಿಸಿ, ಇಎನ್ 8 ಧಾರಾಳ ಸಾಕು. ಪಿನಿಯನ್ ಐದು ಸುತ್ತು ಹಾಕಿದಾಗ ದೊಡ್ಡದು ಒಂದು ಸುತ್ತು, ಹಾಗಾಗಿ ಪಿನಿಯನ್ ತುಸು ಗಟ್ಟಿ ಇರಬೇಕು. ಬೀಡಿನ ಎದುರು ಇಎನ್ 8 ಒಳ್ಳೇ ಜೋಡಿ.

ಎರಡನ್ನೂ ಹೊಸದಾಗಿ ಹಾಕುವ ಮನಸ್ಸಿದ್ದರೆ ಮಾಡ್ಯೂಲ್ 2.5ರಲ್ಲೇ 19 ಮತ್ತು 91 ಹಲ್ಲು ಮಾಡಿಸಿ. ಸೆಂಟರ್ ದೂರ 137.5 ಬರುತ್ತೆ, ಬೇರಿಂಗ್ ಬ್ಲಾಕನ್ನು 0.34 ಮಿ.ಮೀ. ಸರಿಸಿದರೆ ಆಯಿತು, ಬೋಲ್ಟ್ ತೂತಿನಲ್ಲೇ ಅಷ್ಟು ಜಾಗ ಇರುತ್ತೆ. 18ಕ್ಕೆ 90 ಅಂದರೆ ಅದೇ ಹಲ್ಲಿಗೆ ಅದೇ ಹಲ್ಲು ಸಿಗುತ್ತಿರುತ್ತೆ. 19ಕ್ಕೆ 91 ಆದರೆ ಪ್ರತಿ ಹಲ್ಲೂ ಎಲ್ಲ ಹಲ್ಲನ್ನೂ ಮುಟ್ಟಿ ಸವೆತ ಹಂಚಿಹೋಗುತ್ತೆ. ಕಲಸುವ ವೇಗ 72 ಇದ್ದದ್ದು 75 ಆಗುತ್ತೆ, ಹಿಟ್ಟಿಗೆ ಗೊತ್ತೂ ಆಗಲ್ಲ.

ಗ್ರೀಸ್ ಡಬ್ಬಿ:
ಒಂದು ಮಾತು ಸೇರಿಸ್ತೀನಿ. ಹಲ್ಲಿನ ಸಂದಿಯಲ್ಲಿ ಹಿಟ್ಟು ಒಣಗಿ ಕೂತಿದೆಯಾ ನೋಡಿ. ಉದ್ದಿನ ಹಿಟ್ಟು ಗ್ರೀಸಿಗೆ ಸೇರಿ ಒಣಗಿದರೆ ಸಿಮೆಂಟಿನಂತೆ ಗಟ್ಟಿ, ಗೇರ್‌ಗಳನ್ನು ದೂರ ತಳ್ಳಿ ಶಾಫ್ಟನ್ನೇ ಬಗ್ಗಿಸುತ್ತೆ. ಪ್ಲಗ್ ಕಿತ್ತು, ಬಿದಿರು ಕಡ್ಡಿಯಿಂದ ಕೆರೆದು ತೆಗೆಯಿರಿ. ಗೇರಿಗೆ ತಗಡಿನ ಮುಚ್ಚಳ ಮಾಡಿಸಿ, ಬೆರಳಿಗೂ ಒಳ್ಳೇದು. ತಿನ್ನುವ ಪದಾರ್ಥದ ಮೆಷಿನ್ ಆದ್ದರಿಂದ ಫುಡ್ ಗ್ರೇಡ್ ಗ್ರೀಸನ್ನೇ ತೆಳುವಾಗಿ ಹಚ್ಚಿ.

ಉದ್ದಿನಹಿಟ್ಟು:
ಸಂದಿ ತುಂಬಾ ಹಿಟ್ಟೇ ಇದೆ ಸರ್, ಉಳಿಯಲ್ಲಿ ಕೆತ್ತಬೇಕು ಅಷ್ಟು! ಮಗುಚಿ ಹಾಕಿ ಪಿನಿಯನ್ ಮಾತ್ರ ಮಾಡಿಸ್ತೀನಿ. ಇಲ್ಲಿ ಹಾಬಿಂಗ್ (ಗೇರ್ ಹಲ್ಲು ಕೊರೆಯುವುದಕ್ಕೇ ಇರುವ ಮೆಷಿನ್) ಇಲ್ಲ, ಮಿಲ್ಲಿಂಗ್ ಮೆಷಿನ್ನಿನಲ್ಲಿ ಕೊರೆಯುವವರಿದ್ದಾರೆ. ಏನು ಹೇಳಬೇಕು ಅವರಿಗೆ? ಶಾಫ್ಟನ್ನೂ 25ಕ್ಕೆ ಏರಿಸಿಬಿಡಲಾ?

ಪಿಚ್ ಸರ್ಕಲ್:
ಶಾಫ್ಟ್ 20ರಲ್ಲೇ ಇರಲಿ. 20ರ ಬೋರಿಗೆ 6 ಮಿ.ಮೀ. ಕೀ (ಶಾಫ್ಟಿನ ಮೇಲೆ ಗೇರ್ ಜಾರದಂತೆ ಹಿಡಿಯುವ ಲೋಹದ ತುಂಡು) ಹಾಕಿದರೆ ಕೀ-ವೇ (ಕೀ ಕೂರುವ ತೋಡು) ತಳದಿಂದ ಹಲ್ಲಿನ ಬುಡಕ್ಕೆ ಸುಮಾರು ಏಳು ಮಿ.ಮೀ. ಲೋಹ ಉಳಿಯುತ್ತೆ. 25 ಮಾಡಿದರೆ ಉಳಿಯುವುದು ನಾಲ್ಕರ ಆಸುಪಾಸು, ಅಲ್ಲಿಂದಲೇ ಬಿರುಕು ಶುರು. ಮಾಡ್ಯೂಲಿನ ಎರಡು ಪಟ್ಟಾದರೂ ಇರಬೇಕು ಅನ್ನುವುದು ನನ್ನ ಅಳತೆ.

ಕೊರೆಯುವವರಿಗೆ: ಬ್ಲ್ಯಾಂಕ್ (ಹಲ್ಲು ಕೊರೆಯುವ ಮೊದಲಿನ ಬಿಲ್ಲೆ) ವ್ಯಾಸ 50.8 ಮಿ.ಮೀ., ಕಟರ್ 10 ಡಿ.ಪಿ. 20 ಡಿಗ್ರಿ, ನಂಬರ್ 6. ಇಲ್ಲೇ ಎಡವುತ್ತಾರೆ. ಡಿ.ಪಿ. ಕಟರಿನಲ್ಲಿ 17ರಿಂದ 20 ಹಲ್ಲಿಗೆ ನಂಬರ್ 6, ಮಾಡ್ಯೂಲ್ ಕಟರಿನಲ್ಲಿ ನಂಬರ್ ಉಲ್ಟಾ, ಅದೇ ಹಲ್ಲಿಗೆ ನಂಬರ್ 3. ಡಿ.ಪಿ. ಸೆಟ್ಟಿನಿಂದ 3 ಎತ್ತಿಕೊಂಡರೆ ಅದು 35ರಿಂದ 54 ಹಲ್ಲಿನದು. ಡಿವೈಡಿಂಗ್ ಹೆಡ್ (ಬಿಲ್ಲೆಯನ್ನು ಸಮಭಾಗವಾಗಿ ತಿರುಗಿಸುವ ಸಾಧನ) 40ಕ್ಕೆ 1 ಆದರೆ ಪ್ರತಿ ಹಲ್ಲಿಗೆ 2 ಪೂರ್ತಿ ಸುತ್ತು, ಮೇಲೆ 18ರ ತೂತಿನ ಸಾಲಿನಲ್ಲಿ 4 ತೂತು. ಆಳ 5.48 ಮಿ.ಮೀ., ಒಂದೇ ಸಲಕ್ಕೆ ಇಳಿಸದೆ ಕೊನೇ ಅರ್ಧ ಮಿ.ಮೀ. ಉಳಿಸಿಕೊಳ್ಳಲಿ. ಆಮೇಲೆ 3 ಹಲ್ಲು ಹಿಡಿದು ಅಳೆದರೆ 19.30ರ ಆಸುಪಾಸು ಬರಬೇಕು. 19.4 ಇದ್ದರೆ ಇನ್ನೊಂದು ಚೂರು ಇಳಿಸಲಿ.

ಜೋಡಿಸುವಾಗ ದೂರ 137.2 ಇರಲಿ. ದೊಡ್ಡ ಗೇರ್ ಸವೆದಿರುವುದರಿಂದ ಕೈಯಲ್ಲಿ ಅಲ್ಲಾಡಿಸಿದರೆ ಸ್ವಲ್ಪ ಲೊಡಲೊಡ ಅನ್ನುತ್ತೆ. ಅದನ್ನು ಹೋಗಲಾಡಿಸಲು ಪಿನಿಯನ್ನನ್ನು ಒಳಕ್ಕೆ ಒತ್ತಬೇಡಿ, ತುದಿ ಹೋಗಿ ಬುಡಕ್ಕೆ ತಾಗುತ್ತೆ.