ಜಿಲ್ಲಾ ಪ್ಯಾನೆಲ್ ಡೇಟಾ: ಫಿಕ್ಸೆಡ್ ಎಫೆಕ್ಟ್ಸ್ ಸಾಕಾ? ಅನುಭವ ಹೇಳಿ

ರಾಗಿಮುದ್ದೆ: ಪಿಎಚ್‌ಡಿಗೆ ಕರ್ನಾಟಕದ ಜಿಲ್ಲೆಗಳ ಮಳೆ, ರಾಗಿ ಇಳುವರಿ ಡೇಟಾ ಇದೆ. 1990ರಿಂದ 2019. ಅದೇ ಜಿಲ್ಲೆಗಳು ವರ್ಷ ವರ್ಷ ಬರುವ ಪ್ಯಾನೆಲ್. ಫಿಕ್ಸೆಡ್ ಎಫೆಕ್ಟ್ಸ್ (ಪ್ರತಿ ಜಿಲ್ಲೆಯ ಬದಲಾಗದ ಗುಣಗಳನ್ನು ಬೇರೆ ತೆಗೆಯುವ ಮಾದರಿ) ಬೇಕಾ, ರ್ಯಾಂಡಮ್ ಎಫೆಕ್ಟ್ಸ್ ಸಾಕಾ ಅಂತ ನೋಡುವ ಹೌಸ್‌ಮನ್ ಟೆಸ್ಟ್ ಫಿಕ್ಸೆಡ್ ಕಡೆಗಿದೆ. ಇಷ್ಟಕ್ಕೇ ನಿಲ್ಲಿಸಬಹುದಾ? ಮಾಡಿದವರು ಹೇಳಿ.

ಹರಪನಹಳ್ಳಿ ಸಂತ್ರಸ್ತ: ಹೌಸ್‌ಮನ್ ಆಮೇಲೆ. ನನ್ನ ಇಡೀ ಬೇಸಿಗೆ ಜಿಲ್ಲೆಗಳ ಗಡಿಗೇ ಹೋಯಿತು. 1997ರಲ್ಲಿ ಏಳು ಹೊಸ ಜಿಲ್ಲೆ ಆದವಲ್ಲ, ಹಳೆಯದಕ್ಕೆ ಕೂಡಿಸಿದರೆ ಮುಗೀತು ಅಂತಾರೆ. ದಾವಣಗೆರೆಯನ್ನು ಯಾವುದಕ್ಕೆ ಕೂಡಿಸುತ್ತೀರಿ? ಚಿತ್ರದುರ್ಗದ ಪಾಲು ಇದೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದವು. ಹರಪನಹಳ್ಳಿ ಬಳ್ಳಾರಿಯದು, ಆಮೇಲೆ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ! ತಾಲೂಕುವಾರು ಲೆಕ್ಕಕ್ಕೆ ಧೂಳು ಹಿಡಿದ ಪುಸ್ತಕ ಜೆರಾಕ್ಸ್ ಮಾಡಿಸಿ, ಕೈಯಲ್ಲೇ ಎಂಟ್ರಿ ಮಾಡಿದೆ. ಒಂದು ಪುಟದಲ್ಲಿ ಕೆಜಿ, ಇನ್ನೊಂದರಲ್ಲಿ ಕ್ವಿಂಟಾಲ್. ಜಿಲ್ಲೆ ಕೂಡಿಸುವಾಗ ಇಳುವರಿಯ ಸರಾಸರಿ ತೆಗೆಯುವವರನ್ನು ಕಂಡರೆ ಮೈ ಉರಿಯುತ್ತದೆ. ಒಟ್ಟು ಉತ್ಪಾದನೆಯನ್ನು ಒಟ್ಟು ಕ್ಷೇತ್ರದಿಂದ ಭಾಗಿಸಬೇಕು.

ಕ್ಲಸ್ಟರ್ ಕಾಳಪ್ಪ: ಹೀಗೆ ಹಳೇ 20 ಜಿಲ್ಲೆಗೆ ಇಳಿದಿರಿ. ಸ್ಟಾಂಡರ್ಡ್ ಎರರ್ (ಅಂದಾಜು ಎಷ್ಟು ಅಲ್ಲಾಡಬಹುದು ಅನ್ನೋ ಅಳತೆ) ಕಥೆ? ಜಿಲ್ಲಾವಾರು ಕ್ಲಸ್ಟರ್ ಮಾಡಿದಾಗ, ಅಂದರೆ ಒಂದು ಜಿಲ್ಲೆಯ ವರ್ಷಗಳನ್ನೆಲ್ಲ ಒಂದೇ ಗುಂಪು ಅಂತ ಹಿಡಿದಾಗ, ನನ್ನ ಫಲಿತಾಂಶಕ್ಕೆ ಮೂರು ಸ್ಟಾರ್ ಇತ್ತು (ಸ್ಟಾರ್ ಜಾಸ್ತಿಯಾದಷ್ಟೂ ಫಲಿತಾಂಶ ಗಟ್ಟಿ). ಕ್ಲಸ್ಟರ್ ಕಡಿಮೆ ಅಂತ ರಿವ್ಯೂವರ್ ತಕರಾರು. ಕ್ಲಸ್ಟರ್ ಕಡಿಮೆ ಇದ್ದಾಗ ಬಳಸುವ ವೈಲ್ಡ್ ಬೂಟ್‌ಸ್ಟ್ರಾಪ್ ಹಾಕಿದೆ, ಒಂದೇ ಸ್ಟಾರ್ ಉಳಿಯಿತು. ಪೇಪರ್ ರಿಜೆಕ್ಟ್. ಮೇಲಾಗಿ ಮಳೆ ಗಡಿ ನೋಡಿ ಸುರಿಯಲ್ಲ. ತುಮಕೂರಿಗೆ ಬರ ಬಂದರೆ ಚಿತ್ರದುರ್ಗ ಹಸಿರಾಗಿರುತ್ತಾ? ಆ ನಂಟನ್ನೂ ಎರರ್‌ನಲ್ಲಿ ಲೆಕ್ಕ ಹಿಡಿಯಬೇಕು.

ಜಿಎಂಎಂ ಗೌಡ: ಇದೆಲ್ಲ ಹಳೇ ಕಾಲದ್ದು. ನಾನು ಹಿಂದಿನ ವರ್ಷದ ಇಳುವರಿ ಸೇರಿಸಿ ಅರೆಲಾನೊ–ಬಾಂಡ್ ಜಿಎಂಎಂ ಮಾಡಿದೆ. ಹಳೇ ವರ್ಷಗಳ ಅಂಕಿಗಳನ್ನೇ ಇನ್‌ಸ್ಟ್ರುಮೆಂಟ್ (ಸಹಾಯಕ ಚರ) ಆಗಿ ಬಳಸುವ ವಿಧಾನ ಅದು. ಇನ್‌ಸ್ಟ್ರುಮೆಂಟ್ ಸರಿಯಿದೆಯಾ ಅಂತ ನೋಡುವ ಹ್ಯಾನ್ಸೆನ್ ಟೆಸ್ಟ್‌ನ ಪಿ-ವ್ಯಾಲ್ಯೂ 1.00. ವೈವಾದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಕ್ಲಸ್ಟರ್ ಕಾಳಪ್ಪ: 1.00 ಅಂತ ಜಂಬ ಬೇರೆ! ಇನ್‌ಸ್ಟ್ರುಮೆಂಟ್‌ಗಳು ಜಿಲ್ಲೆಗಳಿಗಿಂತ ಜಾಸ್ತಿಯಾದಾಗ ಹಾಗೇ ಬರುತ್ತದೆ. ಆ ಟೆಸ್ಟ್ ಏನನ್ನೂ ಹಿಡಿಯಲ್ಲ. ಅದು ಘಟಕ ನೂರಾರು, ವರ್ಷ ನಾಲ್ಕೈದು ಇದ್ದಾಗಿನ ವಿಧಾನ. 30 ವರ್ಷ ಇದ್ದರೆ ನಿಕೆಲ್ ಬಯಾಸ್ (ಫಿಕ್ಸೆಡ್ ಎಫೆಕ್ಟ್ಸ್‌ನಲ್ಲಿ ಹಿಂದಿನ ವರ್ಷದ ಇಳುವರಿ ಸೇರಿಸಿದರೆ ಅಂದಾಜು ತಪ್ಪುವುದು) ಸಣ್ಣದು.

ಜಿಎಂಎಂ ಗೌಡ: ನಿಮ್ಮ ಪೇಪರ್ ವಾಪಸ್ ಬಂತು, ನನಗೆ ಡಿಗ್ರಿ ಬಂತು. ಸಾಕಲ್ವಾ?

ಪುಕ್ಕಟೆ ಆರ್: ಇಬ್ಬರೂ ಸ್ಟೇಟಾ ಸಾಫ್ಟ್‌ವೇರ್ ತಾನೇ? ನನ್ನ ಫೆಲೋಶಿಪ್ ದುಡ್ಡು ಅದರ ಲೈಸೆನ್ಸ್‌ಗೇ ಹೋಗುತ್ತಿತ್ತು. ವರ್ಷ ಮುಗಿಯುತ್ತಿದ್ದಂತೆ ಮತ್ತೆ ಕಟ್ಟು ಅನ್ನೋದು. ಆರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಇದೆಲ್ಲ ಸುಮ್ನೆ ಸಿಗುತ್ತದೆ.

ಜಿಎಂಎಂ ಗೌಡ: ಸುಮ್ನೆ ಸಿಗೋದು ಎರರ್ ಮೆಸೇಜ್. ನಿಮ್ಮ ಪ್ಯಾಕೇಜ್ ಅಪ್‌ಡೇಟ್ ಆದ ದಿನ ಕೋಡ್ ಓಡಲ್ಲ.

ರಾಗಿಮುದ್ದೆ: ನನ್ನ ಶೀಟಿನಲ್ಲಿ ದಾವಣಗೆರೆ 1998ರಿಂದ ಶುರು. ಅನ್‌ಬ್ಯಾಲೆನ್ಸ್ಡ್ (ಎಲ್ಲ ಜಿಲ್ಲೆಗೂ ಅಷ್ಟೇ ವರ್ಷ ಇಲ್ಲದ್ದು) ಅಂತ ಹಾಗೇ ಬಿಡಬಹುದಾ?

ಹರಪನಹಳ್ಳಿ ಸಂತ್ರಸ್ತ: ಇದನ್ನು ಮೊದಲೇ ಹೇಳಬಾರದಾ! 1997ರ ಹಿಂದಿನ ಚಿತ್ರದುರ್ಗದಲ್ಲಿ ಭದ್ರಾ ನೀರಿನ ಗದ್ದೆಗಳಿದ್ದವು, ಆಮೇಲೆ ಅವು ದಾವಣಗೆರೆ ಪಾಲಾದವು. ಮುಂಚಿನ, ಆಮೇಲಿನ ಚಿತ್ರದುರ್ಗ ಎರಡಕ್ಕೂ ಒಂದೇ ಡಮ್ಮಿ (ಜಿಲ್ಲೆ ಗುರುತಿಸುವ 0/1 ಚರ) ಹಾಕಿದರೆ ಫಿಕ್ಸೆಡ್ ಆಗಿರೋದು ಏನು? ತಾಲೂಕು ಲೆಕ್ಕ ಸಿಗದಿದ್ದರೆ, ಒಡೆದ ಜಿಲ್ಲೆಗಳಿಗೆ ಮುಂಚಿನದೊಂದು, ಆಮೇಲಿನದೊಂದು ಐಡಿ ಕೊಡಿ.