ಮೂರು ಕಡೆ ದುಡಿಮೆ, ಒಂದು ಕಡೆಯೂ ಇಎಸ್‌ಐ ಇಲ್ಲ: ಏನು ಮಾಡಬೇಕು?

ಪ್ರಶ್ನೆ (ಮೈಸೂರಿನ ಚಾಮುಂಡಿಪುರಂನಿಂದ ಒಬ್ಬ ಗೃಹಿಣಿ): ನಮಸ್ಕಾರ ಮೇಡಂ. ಬೆಳಿಗ್ಗೆ ಕುವೆಂಪುನಗರದಲ್ಲಿ ಎರಡು ಮನೆ ಕೆಲಸ ಮಾಡುತ್ತೇನೆ. ಅಲ್ಲಿಂದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ಮಧ್ಯಾಹ್ನದವರೆಗೆ ಹೌಸ್‌ಕೀಪಿಂಗ್. ಅದು ಕಾಂಟ್ರಾಕ್ಟರ್ ಕಡೆಯ ಕೆಲಸ. ಸಂಜೆ ಸರಸ್ವತಿಪುರಂನ ಮೆಸ್ಸೊಂದರಲ್ಲಿ ಚಪಾತಿ ಲಟ್ಟಿಸುತ್ತೇನೆ. ಆಸ್ಪತ್ರೆಯಿಂದ 8,000, ಮನೆಗಳಿಂದ 5,000, ಮೆಸ್ಸಿನಿಂದ 4,000 ಬರುತ್ತದೆ. ನಮ್ಮ ಯಜಮಾನರಿಗೆ ಬೆನ್ನುನೋವು, ದುಡಿಯಲು ಆಗುವುದಿಲ್ಲ. ಹೋದ ತಿಂಗಳು ಡೆಂಗಿ ಬಂದು ನಾನು ಮಲಗಿಬಿಟ್ಟೆ. ಮೂರೂ ಕಡೆ ಸಂಬಳ ಹಿಡಿದರು. ಬಿಲ್ ಕಟ್ಟಲು ಓಲೆ ಅಡ ಇಟ್ಟೆ. ‘ಪಾರ್ಟ್ ಟೈಮ್‌ನವರಿಗೆ ಪಿಎಫ್, ಇಎಸ್‌ಐ ಬರಲ್ಲ’ ಅಂತ ಸೂಪರ್‌ವೈಸರ್ ಹೇಳುತ್ತಾರೆ. ನಿಜವಾ? ಬಂದರೂ ಸಂಬಳದಲ್ಲಿ ಎಷ್ಟು ಕಟ್ ಆಗುತ್ತದೆ?

ಉತ್ತರ (ಕಾರ್ಮಿಕ ಕಾನೂನು ನೋಡುವ ವಕೀಲರು): ಅಕ್ಕಾ, ನಿಜ ಅಲ್ಲ. ಇಎಸ್‌ಐ ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಪಿಎಫ್ ಅಂದರೆ ಭವಿಷ್ಯ ನಿಧಿ. ಪಾರ್ಟ್ ಟೈಮ್ ಅನ್ನುವ ಕಾರಣಕ್ಕೆ ಇವೆರಡನ್ನೂ ಯಾರೂ ತಪ್ಪಿಸುವಂತಿಲ್ಲ. ಇಎಸ್‌ಐಗೆ ನೋಡುವುದು ಆ ಸಂಸ್ಥೆಯಲ್ಲಿ 10 ಜನ ಇದ್ದಾರಾ, ನಿಮ್ಮ ಸಂಬಳ ತಿಂಗಳಿಗೆ 21,000ದ ಒಳಗಿದೆಯಾ ಅಂತ. ಪಿಎಫ್‌ಗೆ 20 ಜನ ಇರಬೇಕು. ಆಸ್ಪತ್ರೆಗಳಿಗೆ ಆಳು ಕಳಿಸುವ ಕಾಂಟ್ರಾಕ್ಟರ್ ಬಳಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಆತ ಕಟ್ಟದಿದ್ದರೆ ಕೆಲಸ ಮಾಡಿಸಿಕೊಳ್ಳುವ ಆಸ್ಪತ್ರೆಯೇ ಕಟ್ಟಬೇಕು. ಇದನ್ನು ಸೂಪರ್‌ವೈಸರ್ ಹೇಳುವುದಿಲ್ಲ, ನೀವು ತಿಳಿದಿರಿ.

ಈಗ ಕಟ್ ಆಗುವ ಲೆಕ್ಕ. 8,000ಕ್ಕೆ ಇಎಸ್‌ಐ ನಿಮ್ಮ ಪಾಲು 0.75%, ಅಂದರೆ 60 ರೂಪಾಯಿ. ಮಾಲೀಕರ ಪಾಲು 3.25%, ಅಂದರೆ 260. ಪೂರ್ತಿ ಸಂಬಳಕ್ಕೆ ಪಿಎಫ್ ಕಟ್ಟಿದರೆ ನಿಮ್ಮದು 12%, ಅಂದರೆ 960. ಅಷ್ಟನ್ನೇ ಅವರೂ ಹಾಕಬೇಕು. ಒಟ್ಟು 1,020 ನಿಮ್ಮ ಕೈಗೆ ಕಡಿಮೆ ಬರುತ್ತದೆ. ನಿಮ್ಮ ಮನೆಗೆ ಇದು ಸಣ್ಣ ದುಡ್ಡಲ್ಲ, ಗೊತ್ತು. ಆದರೂ ನನ್ನ ಅಭಿಪ್ರಾಯ ಸ್ಪಷ್ಟ: ಮೂರರಲ್ಲಿ ಒಂದು ಕೆಲಸಕ್ಕಾದರೂ ಇಎಸ್‌ಐ ಇರಲೇಬೇಕು. ನೀವು ಮಲಗಿದರೆ ಮೂರು ಸಂಬಳವೂ ಒಟ್ಟಿಗೆ ನಿಲ್ಲುತ್ತವೆ.

ಇಎಸ್‌ಐ ಇದ್ದಿದ್ದರೆ ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ನಿಮಗೂ ಯಜಮಾನರಿಗೂ ಚಿಕಿತ್ಸೆ ಸಿಗುತ್ತಿತ್ತು. ಓಲೆ ಅಡ ಇಡುವ ಪ್ರಮೇಯ ಬರುತ್ತಿರಲಿಲ್ಲ. ಚಿಕಿತ್ಸೆಯ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಇದೆ. ಕೆಲಸದಲ್ಲಿ ಬಿದ್ದು ಪೆಟ್ಟಾದರೆ, ಮನೆಯಿಂದ ಕೆಲಸಕ್ಕೆ ಬರುವ ಹೋಗುವ ದಾರಿಯಲ್ಲಿ ಅಪಘಾತವಾದರೆ, ವಾಸಿಯಾಗುವವರೆಗೆ ಸಂಬಳದ 90% ಕೊಡುತ್ತಾರೆ. ಕಾಯಿಲೆ ರಜೆಗೆ 70%, ವರ್ಷಕ್ಕೆ 91 ದಿನದವರೆಗೆ. ಆದರೆ ಈ ಕಾಯಿಲೆ ಭತ್ಯೆಗೆ ಒಂದು ಷರತ್ತಿದೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಹಕ್ಕು ಬರುತ್ತದೆ.

ಮೋಸ ನಡೆಯುವುದು ಇಲ್ಲೇ. ನೀವು 26 ದಿನ ಹೋಗಿರುತ್ತೀರಿ, ಪೇ ಸ್ಲಿಪ್‌ನಲ್ಲಿ 12 ದಿನ ಅಂತ ಹಾಕಿರುತ್ತಾರೆ. ಹನ್ನೆರಡು ಆರಲಿ 72. ಕಾಯಿಲೆ ಬಿದ್ದಾಗ ಭತ್ಯೆ ಕೇಳಲು ಹೋದರೆ ಆರು ದಿನ ಕಮ್ಮಿ! ಆದ್ದರಿಂದ ಪ್ರತಿ ತಿಂಗಳ ಸ್ಲಿಪ್ ಕೇಳಿ ತೆಗೆದುಕೊಳ್ಳಿ. ದಿನದ ಕಾಲಂ ಮೊದಲು ನೋಡಿ. ಮೊಬೈಲ್‌ನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ. ಇನ್ನು ಕೆಲವರು ಮಾಲೀಕರ ಪಾಲನ್ನೂ ನಿಮ್ಮ ಸಂಬಳದಲ್ಲೇ ಹಿಡಿಯುತ್ತಾರೆ. ಅದು ಕಾನೂನಿಗೆ ವಿರುದ್ಧ. 8,000ಕ್ಕೆ ಪಿಎಫ್ ಅಂತ 960ಕ್ಕಿಂತ ಜಾಸ್ತಿ ಹಿಡಿದಿದ್ದರೆ ಬಿಡಬೇಡಿ.

ಒಬ್ಬರೇ ಹೋಗಿ ಕೇಳಬೇಡಿ, ನಾಳೆಯಿಂದ ಬರಬೇಡ ಅಂದುಬಿಡುತ್ತಾರೆ. ಜೊತೆಯವರು ನಾಲ್ಕೈದು ಜನ ಸೇರಿ ಒಂದು ಅರ್ಜಿ ಬರೆಯಿರಿ. ಒಂದು ಪ್ರತಿ ಕಾಂಟ್ರಾಕ್ಟರ್‌ಗೆ, ಇನ್ನೊಂದು ಆಸ್ಪತ್ರೆಯ ಆಡಳಿತಕ್ಕೆ. ಕೊಟ್ಟ ಕಡೆ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಪಿಎಫ್ ವಿಷಯಕ್ಕೆ ಗಾಯತ್ರಿಪುರಂನ ಪಿಎಫ್ ಕಚೇರಿಗೆ ಹೋಗಬಹುದು. ಐಡಿ ಕಾರ್ಡ್, ಡ್ಯೂಟಿ ಚಾರ್ಟ್‌ನ ಫೋಟೋ, ಬ್ಯಾಂಕ್ ಪಾಸ್‌ಬುಕ್, ಇವೆಲ್ಲ ಸಾಕ್ಷಿ ಆಗುತ್ತವೆ.

ಮನೆ ಕೆಲಸಕ್ಕೆ ಇಎಸ್‌ಐ ಇಲ್ಲ. ಆದರೆ ಮನೆಗೆಲಸಕ್ಕೂ ನಮ್ಮ ರಾಜ್ಯದಲ್ಲಿ 2004ರಿಂದ ಕನಿಷ್ಠ ವೇತನ ನಿಗದಿ ಇದೆ. ಮೆಸ್ಸಿನಲ್ಲಿ 10 ಜನ ಇಲ್ಲದಿದ್ದರೆ ಅಲ್ಲೂ ಇಎಸ್‌ಐ ಬರುವುದಿಲ್ಲ.

ಅದೇ ಗೃಹಿಣಿ: ತುಂಬಾ ಥ್ಯಾಂಕ್ಸ್ ಮೇಡಂ. ಪಿಎಫ್ ಬಂದರೆ ಬಿಪಿಎಲ್ ಕಾರ್ಡ್ ಹೋಗುತ್ತದೆ, ಗೃಹಲಕ್ಷ್ಮಿನೂ ನಿಲ್ಲುತ್ತದೆ ಅಂತ ಜೊತೆಯವರು ಹೆದರಿಸುತ್ತಾರೆ. ಅದಕ್ಕೇ ಅವರು ಬೇಡ ಅನ್ನುತ್ತಿದ್ದಾರೆ.

ಉತ್ತರ: ಗೃಹಲಕ್ಷ್ಮಿಗೆ ಪಿಎಫ್ ಅಡ್ಡಿಯಲ್ಲ. ಮನೆಯೊಡತಿ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿದ್ದರೆ ಮಾತ್ರ ತೊಂದರೆ. ಬಿಪಿಎಲ್ ಬೇರೆ ಮಾತು. ಅಲ್ಲಿ ನೋಡುವುದು ಕುಟುಂಬದ ವರ್ಷದ ಆದಾಯ, ಮಿತಿ 1.20 ಲಕ್ಷ. ನಿಮ್ಮ ಮೂರೂ ಸಂಬಳ ಕೂಡಿದರೆ ಅದು ದಾಟುತ್ತದೆ, ಪಿಎಫ್ ಇರಲಿ ಬಿಡಲಿ. ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಮೂರು ಕಡೆ ಬೆನ್ನು ಮುರಿಯುವ ಹಾಗೆ ದುಡಿದು ತಿಂಗಳಿಗೆ 10,000 ದಾಟಿದರೆ ಬಡವರಲ್ಲ ಅನ್ನುವುದು ಈಗಿನ ಮೈಸೂರಿನ ಮನೆ ಬಾಡಿಗೆ ಗೊತ್ತಿರುವವರು ಆಡುವ ಮಾತಲ್ಲ. ಈ ಮಿತಿ ಏರಬೇಕು. ಆದರೆ ಆ ಭಯಕ್ಕೆ ಇಎಸ್‌ಐ ಬಿಟ್ಟುಕೊಟ್ಟರೆ ಲಾಭ ಆಗುವುದು ಕಾಂಟ್ರಾಕ್ಟರ್‌ಗೆ ಮಾತ್ರ.

ಪ್ರಶ್ನೆ (ಮಂಡ್ಯದ ಯುವಕ): ಮೇಡಂ, ನಾನು ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಇದ್ದೇನೆ, ಪಿಎಫ್ ಇದೆ. ಶಿಫ್ಟ್ ಮುಗಿದ ಮೇಲೆ ಫುಡ್ ಡೆಲಿವರಿ ಮಾಡಬಹುದಾ? ಇನ್ನೊಂದು ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್‌ಗೂ ಕರೆಯುತ್ತಿದ್ದಾರೆ.

ಉತ್ತರ: ನೈಟ್ ಶಿಫ್ಟ್ ಬೇಡ ತಮ್ಮಾ. ಒಂದು ಫ್ಯಾಕ್ಟರಿಯಲ್ಲಿ ದುಡಿದು ಬಂದವರನ್ನು ಅದರ ಬೆನ್ನಲ್ಲೇ ಇನ್ನೊಂದರಲ್ಲಿ ದುಡಿಸಲು ಕಾನೂನು ಬಿಡುವುದಿಲ್ಲ. ನಿದ್ದೆಗಣ್ಣಲ್ಲಿ ಮಷೀನ್ ಮುಂದೆ ನಿಂತರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಡೆಲಿವರಿಗೆ ಆ ತಡೆ ಇಲ್ಲ. ಆದರೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ‘ಬೇರೆ ಕೆಲಸ ಮಾಡಕೂಡದು’ ಅಂತ ಇದೆಯಾ ನೋಡಿ. ಇದ್ದರೆ ಕೇಳಿಕೊಂಡು ಮಾಡಿ. ಮುಂದೆ ಎಲ್ಲಿಗೆ ಸೇರಿದರೂ ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ರಸ್ತೆ ಮೇಲೆ ಓಡಾಡುವವರು ನೀವು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಅಕ್ಕಾ, ನೀವೂ ಮಾಡಿಸಿ. ಪಿಎಫ್ ಇದ್ದವರಿಗೂ ಇಲ್ಲದವರಿಗೂ ಇದು ಸಿಗುತ್ತದೆ.